ಟೈಗರ್ ಮಾತ್ ರೆಕ್ಕೆಗೆ ಸಾಗವಾನಿ ಬೇಡ, ಆಗಸ್ಟ್ 15ರ ಅವಸರವೂ ಬೇಡ

ಪ್ರಶ್ನೆ: ಗದಗ ಕಡೆಯ ಹಳೆಯ ಅರಳೆ ಗೋದಾಮೊಂದರಲ್ಲಿ ಬಹಳ ವರ್ಷ ಬಿದ್ದಿದ್ದ ಟೈಗರ್ ಮಾತ್ ತರಬೇತಿ ವಿಮಾನದ ಎಡಗಡೆಯ ಎರಡು ರೆಕ್ಕೆಗಳು (ಮೇಲಿನದು ಮತ್ತು ಕೆಳಗಿನದು), ಒಂದು ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂದಿನ ಅಂಚಿನ ಮಡಚುವ ಭಾಗ), ಚುಕ್ಕಾಣಿ ಮತ್ತು ಒಂದು ಪೆಟ್ಟಿಗೆ ತುಂಬ ಮೀಟರುಗಳು ಹುಬ್ಬಳ್ಳಿಯ ನಮ್ಮ ಕಾಲೇಜಿಗೆ ಬಂದಿವೆ. ಬಟ್ಟೆ ಅಲ್ಲಲ್ಲಿ ಹರಿದಿದೆ. ಏಳೆಂಟು ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳು) ಮುರಿದಿವೆ. ಕೆಳಗಿನ ರೆಕ್ಕೆಯ ಹಿಂದಿನ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹಾಯುವ ತೊಲೆ) ಸೀಳಿದೆ. ತುದಿಯ ಕಟ್ಟಿಗೆ ಮುಟ್ಟಿದರೆ ಪುಡಿ ಉದುರುತ್ತದೆ. ಬಡಗಿಯವರು ಎಲ್ಲವನ್ನೂ ತೆಗೆದು ಸಾಗವಾನಿ ಹಾಕಿ ಫೆವಿಕಾಲ್‌ನಿಂದ ಕೂಡಿಸೋಣ ಎನ್ನುತ್ತಾರೆ. ಬಟ್ಟೆಗೆ ಗರಗದ ಖಾದಿ ಆಗಬಹುದೇ? ಹಾರಿಸುವ ಉದ್ದೇಶವಿಲ್ಲ, ಪ್ರದರ್ಶನಕ್ಕೆ ಮಾತ್ರ. ಈಗ ಮೇ ನಡುಭಾಗ. ಆಗಸ್ಟ್ 15ಕ್ಕೆ ಮುಗಿಸಬಹುದೇ?

ಉತ್ತರ: ಆಗಸ್ಟ್ 15ಕ್ಕೆ ಆಗುವುದಿಲ್ಲ, ಆಗಿಸಲೂಬಾರದು. ಹುಬ್ಬಳ್ಳಿ-ಧಾರವಾಡದ ಹವೆಯಲ್ಲಿ ಕಟ್ಟಿಗೆಯ ವಿಮಾನದ ಅಂಟಿನ ಕೆಲಸವನ್ನು ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾಡಬೇಕು. ಮಿರಗದ ಮಳೆಗೆ ಇನ್ನು ಮೂರು-ನಾಲ್ಕು ವಾರವಷ್ಟೇ ಇದೆ. ಈ ಮಳೆಗಾಲವನ್ನು ನೋಡುವುದಕ್ಕೆ, ಅಳೆಯುವುದಕ್ಕೆ, ಬರೆದಿಡುವುದಕ್ಕೆ ಮತ್ತು ಒಣಗಿಸುವುದಕ್ಕೆ ಮೀಸಲಿಡಿ. ಮುಂದಿನ ಯುಗಾದಿಯ ಹೊತ್ತಿಗೆ ಮುಗಿದರೆ ಒಳ್ಳೆಯ ವೇಗದಲ್ಲೇ ಮುಗಿದಂತೆ.

ನಿಮ್ಮ ಕೈಯಲ್ಲಿರುವುದು ಏನೆಂದು ಮೊದಲು ಹೇಳುತ್ತೇನೆ. ಟೈಗರ್ ಮಾತ್ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು. ಅದರ ಒಡಲು ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳದು, ರೆಕ್ಕೆಗಳು ಸ್ಪ್ರೂಸ್ ಕಟ್ಟಿಗೆಯವು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇಗಂಪೇಟೆ ಮತ್ತು ಜೋಧಪುರದ ಶಾಲೆಗಳಲ್ಲಿ ನಮ್ಮ ಪೈಲಟ್‌ಗಳು ಹಾರಾಟದ ಮೊದಲ ಪಾಠ ಕಲಿತದ್ದು ಇದರ ಮೇಲೆಯೇ. ರೆಕ್ಕೆಯ ಒಟ್ಟು ಹರವು 8.94 ಮೀಟರ್, ಒಟ್ಟು ಕ್ಷೇತ್ರ ಸುಮಾರು 22 ಚದರ ಮೀಟರ್. ನಿಮ್ಮ ಒಂದೊಂದು ರೆಕ್ಕೆ ಸುಮಾರು 4 ಮೀಟರ್ ಉದ್ದ, 1.3 ಮೀಟರ್ ಅಗಲ ಇರಬೇಕು. ಏಲರಾನ್ ಇರುವುದು ಕೆಳಗಿನ ರೆಕ್ಕೆಗೆ ಮಾತ್ರ, ಹಾಗಾಗಿ ಮೇಲಿನದರಲ್ಲಿ ಅದಕ್ಕೆ ಜಾಗವಿಲ್ಲವೆಂದು ಗಾಬರಿಯಾಗಬೇಡಿ. ಮೇಲಿನ ರೆಕ್ಕೆಯ ಮುಂದಿನ ಅಂಚಿನಲ್ಲಿ ತಾನಾಗಿ ತೆರೆದುಕೊಳ್ಳುವ ಸ್ಲಾಟ್, ಅಂದರೆ ಗಾಳಿ ಹಾಯುವ ಸಂದು, ಇರಬಹುದು. ಅದರ ಪಟ್ಟಿ ಮತ್ತು ತೋಳುಗಳು ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿದ್ದರೆ ಗುಜರಿ ಎಂದು ಎಸೆಯಬೇಡಿ.

ರೆಕ್ಕೆಗಿಂತ ಮೊದಲು ಆ ಮೀಟರುಗಳ ಪೆಟ್ಟಿಗೆ. ಆ ಕಾಲದ ಬ್ರಿಟಿಷ್ ಮೀಟರುಗಳ ಮುಳ್ಳು ಮತ್ತು ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿಯುತ್ತಿದ್ದರು. ಈಗ ಹೊಳೆಯದಿದ್ದರೂ ಅಪಾಯ ಹೋಗಿಲ್ಲ. ಸತ್ತಿರುವುದು ಹೊಳೆಯುವ ಪುಡಿ ಮಾತ್ರ; ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಯಾವ ಮೀಟರಿನ ಗಾಜನ್ನೂ ಬಿಚ್ಚಬೇಡಿ, ಒಡೆದ ಗಾಜಿನದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಉಜ್ಜಿ ತೊಳೆಯಬೇಡಿ. ಒಂದೊಂದನ್ನೂ ಬೇರೆ ಬೇರೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗಾಳಿಯಾಡುವ, ವಿದ್ಯಾರ್ಥಿಗಳು ಕೂಡದ ಕೋಣೆಯಲ್ಲಿ ಬೀಗ ಹಾಕಿ ಇಡಿ. ಭೌತಶಾಸ್ತ್ರ ವಿಭಾಗದ ಗೈಗರ್ ಕೌಂಟರ್‌ನಿಂದ ಅಳೆಯಿಸಿ. ಸದ್ದು ಮಾಡಿದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಕೇಳಿ ಮುಂದುವರಿಯಿರಿ. ಪ್ರದರ್ಶನಕ್ಕೆ ಮುದ್ರಿತ ಮುಖವಿರುವ ನಕಲು ಮೀಟರು ಸಾಕು.

ಇನ್ನು ಕಟ್ಟಿಗೆ. ನಿಮ್ಮ ಬಡಗಿಯವರ ಮಾತು ಬಾಗಿಲು, ಮಂಚದ ಮಟ್ಟಿಗೆ ಸರಿ. ಸಾಗವಾನಿ ಗೆದ್ದಲು ತಿನ್ನದ, ನೀರಿಗೆ ಜಗ್ಗದ ಕಟ್ಟಿಗೆ. ಆದರೆ ವಿಮಾನದ ರೆಕ್ಕೆಯಲ್ಲಿ ಕಟ್ಟಿಗೆ ಗಟ್ಟಿಯಾಗಿದ್ದರಷ್ಟೇ ಸಾಲದು, ತೂಕಕ್ಕೆ ತಕ್ಕ ಗಟ್ಟಿತನ ಬೇಕು. ಸಿಟ್ಕಾ ಸ್ಪ್ರೂಸ್ ಒಂದು ಘನ ಮೀಟರಿಗೆ ಸುಮಾರು 400 ಕಿಲೋ, ಸಾಗವಾನಿ 650ರ ಆಸುಪಾಸು. ಸಾಗವಾನಿಯಲ್ಲಿರುವ ಎಣ್ಣೆಯಂಶ ಅಂಟನ್ನು ಹಿಡಿಯಲು ಬಿಡುವುದಿಲ್ಲ. ಮುಖ್ಯವಾಗಿ, ಗಟ್ಟಿ ಹೊಸ ತುಂಡನ್ನು ಹಗುರವಾದ ಹಳೆಯ ಕಟ್ಟಿಗೆಯ ಪಕ್ಕ ಕೂಡಿಸಿದರೆ ಎರಡೂ ತೇವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಎಳೆದಾಟದಲ್ಲಿ ಸೋಲುವುದು ಯಾವಾಗಲೂ ಹಳೆಯದೇ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹೊಸ ಜೋಡಿನ ಪಕ್ಕದಲ್ಲೇ ಹೊಸ ಸೀಳು ಕಾಣಿಸುತ್ತದೆ.

ಫೆವಿಕಾಲ್‌ನಂಥ ಬಿಳಿ ಅಂಟಿಗೆ ಎರಡು ದೋಷ. ಸದಾ ಭಾರ ಹೊತ್ತರೆ ನಿಧಾನಕ್ಕೆ ಜಾರುತ್ತದೆ, ತೇವ ಮತ್ತು ಬಿಸಿ ಸೇರಿದರೆ ಮೆತ್ತಗಾಗುತ್ತದೆ. ಪ್ರದರ್ಶನದ ರೆಕ್ಕೆಯೂ ತನ್ನದೇ ಭಾರವನ್ನು, ಅದಕ್ಕಿಂತ ಹೆಚ್ಚಾಗಿ ಬಿಗಿದ ಬಟ್ಟೆಯ ಎಳೆತವನ್ನು ವರ್ಷಗಟ್ಟಲೆ ಹೊರುತ್ತದೆ. ಹಿಂದೆ ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ಮರವಜ್ರವೂ ಇಲ್ಲಿ ಬೇಡ. ಮಳೆಗಾಲದಲ್ಲಿ ಅದು ಬೂಷ್ಟಿಗೆ ಊಟ.

ಕಟ್ಟಿಗೆಯ ವಿಮಾನ ಹಾಳಾಗುವುದು ಸಾಮಾನ್ಯವಾಗಿ ಅಂಟಿನ ಗೆರೆಯಲ್ಲಿ. 1944ರ ಕೊನೆಯಲ್ಲಿ ಭಾರತ-ಬರ್ಮಾ ರಂಗದಲ್ಲಿ ಮಾಸ್ಕಿಟೋ ಎಂಬ ಕಟ್ಟಿಗೆಯ ಯುದ್ಧವಿಮಾನಗಳ ರೆಕ್ಕೆ ಹಾರಾಟದಲ್ಲೇ ಮುರಿದು, ಆ ವಿಮಾನಗಳನ್ನು ನೆಲಕ್ಕಿಳಿಸಿ ಪರಿಶೀಲಿಸಬೇಕಾಯಿತು. ನಮ್ಮ ಮಳೆ ಮತ್ತು ಸೆಕೆಯ ಮೇಲೆ ತಪ್ಪು ಹೊರಿಸಿದವರೇ ಹೆಚ್ಚು. ಬಿಚ್ಚಿ ನೋಡಿದಾಗ ಕಾರ್ಖಾನೆಯಲ್ಲೇ ಸರಿಯಾಗಿ ಕೂಡದ ಜೋಡುಗಳು, ನಡುವೆ ಸಂದು ಉಳಿದ ಅಂಟುಗಳು ಸಿಕ್ಕವು. ಸಂದು ಇದ್ದಲ್ಲಿ ತೇವ ಸೇರುತ್ತದೆ, ತೇವ ಸೇರಿದಲ್ಲಿ ಅಂಟು ಬಿಡುತ್ತದೆ. ನಿಮ್ಮ ರೆಕ್ಕೆಯನ್ನು ನೋಡುವಾಗ ಮುರಿದ ರಿಬ್‌ಗಳಿಗಿಂತ ನೆಟ್ಟಗೆ ಕಾಣುವ ಜೋಡುಗಳ ಮೇಲೆ ಹೆಚ್ಚು ಅನುಮಾನವಿರಲಿ.

ರೆಕ್ಕೆಗಳನ್ನು ಈಗ ಎಲ್ಲಿ ಇಟ್ಟಿದ್ದೀರೆಂದು ನೀವು ಬರೆದಿಲ್ಲ. ತಗಡಿನ ಶೆಡ್ಡಿನಲ್ಲಿದ್ದರೆ ಈ ವಾರವೇ ಆರ್‌ಸಿಸಿ ಚಾವಣಿಯ, ಬಿಸಿಲು ನೇರ ಬೀಳದ ಕೋಣೆಗೆ ಸಾಗಿಸಿ. ರೆಕ್ಕೆಯನ್ನು ಮಲಗಿಸಬೇಡಿ. ಮುಂದಿನ ಅಂಚು ಕೆಳಗಾಗಿ, ಅಗಲವಾದ ಕ್ಯಾನ್ವಾಸ್ ಪಟ್ಟಿಯ ಜೋಳಿಗೆಯಂಥ ಆಸರೆಯಲ್ಲಿ, ನೆಲದಿಂದ ಒಂದೂವರೆ ಅಡಿ ಮೇಲೆ, ಗೋಡೆಗೆ ತಾಗದಂತೆ ನಿಲ್ಲಿಸಿ. ಆಸರೆಗಳು ರಿಬ್ ಇರುವ ಜಾಗಕ್ಕೇ ಬರಬೇಕು. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುವ ರೂಢಿ ಗೆದ್ದಲಿಗೆ ಒಳ್ಳೆಯದಾದರೂ ಇಲ್ಲಿ ಬೇಡ, ಕೋಣೆಯ ತೇವ ಹೆಚ್ಚುತ್ತದೆ. ಕಬ್ಬಿಣದ ಕಾಲು ಮಾಡಿಸಿ, ವಾರಕ್ಕೊಮ್ಮೆ ಬುಡ ನೋಡಿದರೆ ಸಾಕು.

ಕೋಣೆಯ ಗಾಳಿಯ ತೇವಾಂಶ ಶೇ. 50ರಿಂದ 60ರೊಳಗೆ ನಿಲ್ಲಬೇಕು. ಹೊರಗೆ ಮಾರ್ಚ್-ಏಪ್ರಿಲ್ ಮಧ್ಯಾಹ್ನ ಅದು ತೀರಾ ಕೆಳಗಿಳಿಯುತ್ತದೆ, ಜುಲೈನಲ್ಲಿ ದಿನಗಟ್ಟಲೆ 85 ದಾಟಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 30 ತೇವವಿದ್ದರೆ ಕಟ್ಟಿಗೆ ತನ್ನೊಳಗೆ ಸುಮಾರು ಶೇ. 6 ತೇವ ಹಿಡಿದುಕೊಳ್ಳುತ್ತದೆ, 65 ಇದ್ದರೆ ಸುಮಾರು 12, 85-90ಕ್ಕೆ ಹೋದರೆ 18-20. ಈ ಏರಿಳಿತದ ಅರ್ಥವೇನೆಂದರೆ, ತೇವ ಶೇ. 18ರಿಂದ 8ಕ್ಕೆ ಇಳಿದಾಗ 50 ಮಿಲಿಮೀಟರ್ ಅಗಲದ ಸ್ಪ್ರೂಸ್ ತುಂಡು, ಕೊಯ್ದ ದಿಕ್ಕನ್ನು ಅನುಸರಿಸಿ, ಮುಕ್ಕಾಲು ಮಿಲಿಮೀಟರಿನಿಂದ 1.3 ಮಿಲಿಮೀಟರ್‌ವರೆಗೆ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಜುಲೈನಲ್ಲಿ ಬಿಗಿಯಾಗಿ ಕೂಡಿಸಿದ ಜೋಡು ಏಪ್ರಿಲ್‌ನಲ್ಲಿ ಬಾಯಿಬಿಡುವುದು ಇದಕ್ಕೇ.

ಅದಕ್ಕಾಗಿ ಒಂದು ಮನೆಬಳಕೆಯ ಡಿಹ್ಯೂಮಿಡಿಫೈಯರ್ ಮತ್ತು ಎರಡು ಅಗ್ಗದ ತೇವಾಂಶ ಮೀಟರ್ ಕೊಳ್ಳಿ. ಮೀಟರು ನಂಬಿಕೆಗೆ ಯೋಗ್ಯವೇ ಎಂದು ತಿಳಿಯಲು ಒಂದು ಬಟ್ಟಲಲ್ಲಿ ಅಡುಗೆ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ ಕೆಸರಿನಂತೆ ಕಲಸಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಮೀಟರಿನೊಡನೆ ಮುಚ್ಚಿಡಿ. ಎಂಟು ಗಂಟೆ ಬಿಟ್ಟು ನೋಡಿದರೆ ಅದು 75 ತೋರಿಸಬೇಕು. 70 ತೋರಿಸಿದರೆ ಐದು ಕೂಡಿಸಿ ಓದಿ. ಎಸಿ ಹಾಕಿ ರಾತ್ರಿ ಆರಿಸಿ ಹೋಗುವುದು ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ದಿನಕ್ಕೊಮ್ಮೆ ಕಟ್ಟಿಗೆಯನ್ನು ಹಿಂಡಿ ಬಿಟ್ಟಂತಾಗುತ್ತದೆ. ಒದ್ದೆ ರೆಕ್ಕೆಯನ್ನು ಬಿಸಿಲಿಗೆ ಒಡ್ಡಬೇಡಿ, ಹೀಟರ್ ಮುಂದೆಯೂ ಇಡಬೇಡಿ. ಚುಚ್ಚುವ ಮೊಳೆಯ ತೇವಮಾಪಕದಿಂದ ಪ್ರತಿ ಸೋಮವಾರ ಅದೇ ಎಂಟು-ಹತ್ತು ಜಾಗಗಳಲ್ಲಿ ಅಳೆದು ಬರೆದಿಡಿ. ವಾರಕ್ಕೆ ಒಂದು-ಎರಡು ಅಂಶ ಇಳಿಯುತ್ತಿದ್ದರೆ ಸರಿಯಾದ ವೇಗ. ಎಲ್ಲ ಕಡೆ 10ರಿಂದ 12ಕ್ಕೆ ಬಂದು ಮೂರು ವಾರ ಅಲ್ಲೇ ನಿಂತ ಮೇಲೆ ಅಂಟಿನ ಡಬ್ಬಿ ತೆರೆಯಿರಿ.

ಮಳೆಗಾಲದ ಪರಿಶೀಲನೆಗೆ ಬೇಕಾದ ಸಾಮಾನು ಕಡಿಮೆ. ಒಂದು ಉದ್ದ ಬೆಳಕಿನ ಟಾರ್ಚ್, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್, ತೆಳುವಾದ ದಬ್ಬಣ, ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಸಾಕು. ಬಟ್ಟೆಯನ್ನು ಮನಬಂದಂತೆ ಹರಿಯಬೇಡಿ. ಮೊದಲು ಇದ್ದಂತೆಯೇ, ಅಳತೆಪಟ್ಟಿ ಪಕ್ಕದಲ್ಲಿಟ್ಟು, ಅಂಗುಲ ಅಂಗುಲವಾಗಿ ಫೋಟೋ ತೆಗೆಯಿರಿ. ರಿಬ್‌ಗೆ ಬಟ್ಟೆಯನ್ನು ಹೊಲಿದ ದಾರದ ಗಂಟು ಯಾವ ಬಗೆಯದು, ಗಂಟಿನಿಂದ ಗಂಟಿಗೆ ಎಷ್ಟು ಅಂತರ, ಮೇಲೆ ಅಂಟಿಸಿದ ಪಟ್ಟಿ ಎಷ್ಟು ಅಗಲ ಎಂಬುದನ್ನೆಲ್ಲ ಬರೆದುಕೊಳ್ಳಿ. ಹೊಸ ಬಟ್ಟೆ ಹಾಕುವಾಗ ಪುಸ್ತಕಕ್ಕಿಂತ ಈ ಟಿಪ್ಪಣಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸ್ವಾತಂತ್ರ್ಯಾನಂತರ ನಮ್ಮ ವಾಯುಪಡೆಯ ಟೈಗರ್ ಮಾತ್‌ಗಳಿಗೆ ‘ಎಚ್‌ಯು’ ಅಕ್ಷರಗಳ ಸಂಖ್ಯೆ ಇರುತ್ತಿತ್ತು. ಬಣ್ಣದ ಪದರಗಳ ಅಡಿಯಲ್ಲಿ ಅಂಥ ಅಕ್ಷರವಾಗಲಿ, ವೃತ್ತದ ಗುರುತಾಗಲಿ ಕಂಡರೆ ಆ ತುಂಡು ಬಟ್ಟೆಯನ್ನು ಉಳಿಸಲೇಬೇಕು. ಕಟ್ಟಿಗೆಯ ಮೇಲೆ ಪರೀಕ್ಷಕರ ಚಿಕ್ಕ ಮೊಹರುಗಳಿರುತ್ತವೆ. ಸ್ಯಾಂಡ್‌ಪೇಪರ್ ಒಮ್ಮೆ ಆಡಿಸಿದರೆ ಅವು ಹೋದವೆಂದೇ ತಿಳಿಯಿರಿ.

ಬಿಚ್ಚಿದ ಹಳೆಯ ಬಟ್ಟೆಯ ಚೂರುಗಳ ಬಗ್ಗೆ ಎಚ್ಚರ. ಅದರ ಮೇಲಿನ ಡೋಪ್ (ಬಟ್ಟೆಯನ್ನು ಬಿಗಿದು ಗಟ್ಟಿಮಾಡುವ ಲೇಪ) ನೈಟ್ರೇಟ್ ಜಾತಿಯದಾಗಿದ್ದರೆ ಮದ್ದಿನಂತೆ ಉರಿಯುತ್ತದೆ. ಹೊರಗೆ, ಬಯಲಲ್ಲಿ, ಉಗುರಿನಷ್ಟು ಚೂರನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿದರೆ ಗೊತ್ತಾಗುತ್ತದೆ. ಚೂರುಗಳನ್ನು ಬಿಸಿಯಾಗುವ ಕಬ್ಬಿಣದ ಪೆಟ್ಟಿಗೆಯಲ್ಲಿ ತುರುಕಿ ಇಡಬಾರದು.

ಬಟ್ಟೆ ಸರಿಸಿದ ಮೇಲೆ ಸ್ಪಾರ್. ಮನೆಗೆ ತೊಲೆ ಇದ್ದಂತೆ ರೆಕ್ಕೆಗೆ ಸ್ಪಾರ್. ಉದ್ದಕ್ಕೆ, ಎಳೆಯ ಗುಂಟ ಹೋದ ಸೀಳು ಕಣ್ಣಿಗೆ ದೊಡ್ಡದಾಗಿ ಕಂಡರೂ ಪ್ರದರ್ಶನಕ್ಕೆ ಅಷ್ಟು ಅಪಾಯದ್ದಲ್ಲ. ನಿಜವಾದ ಶತ್ರು ಎಳೆಗೆ ಅಡ್ಡಲಾಗಿ ಹಾಯುವ, ಕೂದಲಿನಷ್ಟು ಸಣ್ಣ ಗೆರೆ. ರೆಕ್ಕೆಯ ತುದಿ ಎಂದೋ ನೆಲಕ್ಕೆ ಬಡಿದಾಗ ಕಟ್ಟಿಗೆಯ ಎಳೆಗಳು ಒತ್ತಡಕ್ಕೆ ಮಡಚಿಕೊಂಡ ಗುರುತು ಅದು. ಮುಂದೆಂದಾದರೂ ಎತ್ತುವಾಗ ರೆಕ್ಕೆ ಅಲ್ಲೇ ಮುರಿಯುತ್ತದೆ. ಎದುರಿನಿಂದ ಬೆಳಕು ಬಿಟ್ಟರೆ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಸ್ಪಾರಿಗೆ ಹೆಚ್ಚುಕಡಿಮೆ ತಾಗಿಸಿ ಓರೆಯಾಗಿ ಬೆಳಕು ಹಾಯಿಸಿ. ಸ್ಟ್ರಟ್ (ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ನಡುವಿನ ಕಂಬ) ಕೂಡುವ ಜಾಗ, ಬುಡದ ಲೋಹದ ಹಿಡಿಕೆಯ ಸುತ್ತ, ಪ್ಲೈವುಡ್ ತುಂಡು ಮುಗಿಯುವ ಅಂಚುಗಳನ್ನು ಎರಡೆರಡು ಸಲ ನೋಡಿ.

ಅಂಟಿನ ಗೆರೆಗಳನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಜೋಡು ಟಣ್ ಎನ್ನುತ್ತದೆ, ಬಿಟ್ಟ ಜೋಡು ಬುಸ್ ಎಂದು ಸತ್ತ ದನಿ ಕೊಡುತ್ತದೆ. ಕೆನೆಬಣ್ಣದ, ಸುಣ್ಣದಂತೆ ಪುಡಿಯಾಗುವ ಅಂಟು ಹಾಲಿನ ಕೇಸಿನ್‌ನಿಂದ ಮಾಡಿದ್ದು. ಒದ್ದೆಯಾಗಿದ್ದರೆ ಹುಳಿವಾಸನೆ ಬರುತ್ತದೆ, ಬೂಷ್ಟು ಅದನ್ನು ತಿಂದಿರುತ್ತದೆ. ಗಾಜಿನಂತೆ ತೆಳ್ಳಗೆ ಹೊಳೆದು ಬಿರುಕು ಬಿಟ್ಟದ್ದು ಯೂರಿಯಾ-ಫಾರ್ಮಾಲ್ಡಿಹೈಡ್. ಕಡುಕೆಂಪು ಗೆರೆ ಕಂಡರೆ ರಿಸಾರ್ಸಿನಾಲ್. ಅದು ನಂತರದ ದುರಸ್ತಿಯದಾಗಿರಬಹುದು, ಮತ್ತು ಅದೊಂದೇ ನಿಮಗೆ ಚಿಂತೆ ಕೊಡದ ಅಂಟು.

ತುದಿಯಲ್ಲಿ ಉದುರುವ ಪುಡಿಗೆ ಎರಡು ಕಾರಣ ಇರಬಹುದು. ಸೂಜಿ ತೂತುಗಳಿದ್ದು ಹಿಟ್ಟಿನಂಥ ನುಣುಪು ಪುಡಿ ಬೀಳುತ್ತಿದ್ದರೆ ಕೊರೆಹುಳು. ಹಿಟ್ಟಿಲ್ಲದೆ ಕಟ್ಟಿಗೆಯೇ ಚೌಕ ಚೌಕವಾಗಿ ಕಂದು ಬಣ್ಣಕ್ಕೆ ತಿರುಗಿ ಪುಡಿಯಾದರೆ ಕೊಳೆತ. ಎರಡನೆಯದೇ ಹೆಚ್ಚು ಸಂಭವ, ಯಾಕೆಂದರೆ ರೆಕ್ಕೆಯ ಹಿಂದಿನ ಅಂಚಿನ ತಳದಲ್ಲಿ ನೀರು ಬಸಿಯಲೆಂದು ಇಟ್ಟ ಚಿಕ್ಕ ಕಣ್ಣುಗಳು ಪದೇ ಪದೇ ಬಣ್ಣ ಬಳಿದು ಮುಚ್ಚಿಹೋಗಿರುತ್ತವೆ. ಕೊಳೆ ಬೆಳೆಯುವುದು ಕಟ್ಟಿಗೆಯ ತೇವ ಶೇ. 20 ದಾಟಿದ ಮೇಲೆ. ಕೋಣೆಯನ್ನು ಒಣಗಿಸಿದರೆ ಅದು ತಾನೇ ನಿಲ್ಲುತ್ತದೆ. ಹುಳುವಿಗೆ ಬೋರಿಕ್ ಆಮ್ಲ-ಬೋರಾಕ್ಸ್ ದ್ರಾವಣ ಸಾಕು: 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ. ಕುಂಚದಿಂದ ಎರಡು ಸಲ ಹಚ್ಚಿ, ನಡುವೆ ಪೂರ್ತಿ ಒಣಗಲು ಬಿಡಿ. ಅಂಟು ಹಾಕಬೇಕಾದ ಮೈಗೆ ಮಾತ್ರ ಮೊದಲೇ ಹಚ್ಚಬೇಡಿ, ಉಪ್ಪಿನ ಪದರದ ಮೇಲೆ ಅಂಟು ಹಿಡಿಯುವುದಿಲ್ಲ. ಕೂಡಿಸಿದ ಮೇಲೆ ಹಚ್ಚಿ.

ಆಕಾರ ಉಳಿಸಿಕೊಂಡೂ ಟೊಳ್ಳಾದ ತುಂಡುಗಳನ್ನು ಗಟ್ಟಿಮಾಡಲು ವಸ್ತುಸಂಗ್ರಹಾಲಯಗಳಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನ್‌ನಲ್ಲಿ ಶೇ. 5ರಿಂದ 10ರಷ್ಟು ಕರಗಿಸಿ ಕುಡಿಸುತ್ತಾರೆ. ಮುಂದೆ ಬೇಡವೆನಿಸಿದರೆ ಕರಗಿಸಿ ತೆಗೆಯಬಹುದು, ಅದೇ ಅದರ ಗುಣ. ಆದರೆ ಅದು ಸುಮಾರು 40 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ. ನಮ್ಮ ಏಪ್ರಿಲ್‌ನಲ್ಲಿ ಬಿಸಿಲು ತಾಗುವ ಕೋಣೆಯಲ್ಲಿ ಅದು ಅಂಟಂಟಾಗಿ ಧೂಳು ಹಿಡಿಯುತ್ತದೆ. ಅದರ ಜಾತಿಯದೇ ಆದ ಬಿ-44 ಸುಮಾರು 60 ಡಿಗ್ರಿಯವರೆಗೆ ತಡೆಯುತ್ತದೆ, ನಿಮಗೆ ಅದೇ ತಕ್ಕದ್ದು.

ಹೊಸ ಕಟ್ಟಿಗೆ ಎಷ್ಟು ಹಾಕಬೇಕು? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬಟ್ಟೆಯ ಎಳೆತ ತಡೆಯುವುದಕ್ಕೆ ಎಷ್ಟು ಬೇಕೋ ಅಷ್ಟೇ. ಹಾರದ ರೆಕ್ಕೆಯ ಸೀಳಿದ ಸ್ಪಾರನ್ನು ಬದಲಿಸುವುದು ಬೇಡ. ಅದೇ ಇತಿಹಾಸ. ಸೀಳಿಗೆ ಅಂಟು ತುಂಬಿಸಿ ಹಿಡಿದು, ಪ್ರದರ್ಶನದ ಸ್ಟ್ಯಾಂಡ್ ಆ ಜಾಗದ ಭಾರ ಹೊರುವಂತೆ ಮಾಡಿ. ಮುರಿದ ರಿಬ್‌ಗಳನ್ನು ಮಾತ್ರ ಓರೆ ಜೋಡಿನಿಂದ, ಅಂದರೆ ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಿ, ಕೂಡಿಸಿ. ಹೊಸ ತುಂಡಿಗೆ ಸ್ಪ್ರೂಸ್ ಸಿಗದಿದ್ದರೆ ಆಮದಾಗುವ ಡಗ್ಲಾಸ್ ಫರ್ ಆಗಬಹುದು, ಸ್ವಲ್ಪ ಭಾರ ಹೆಚ್ಚು. ಗಂಟಿಲ್ಲದ್ದು, ಅಂಗುಲಕ್ಕೆ ಕನಿಷ್ಠ ಆರು ಬೆಳವಣಿಗೆಯ ಉಂಗುರ ಇರುವುದು, ಎಳೆ 15 ಅಂಗುಲ ಓಡುವಷ್ಟರಲ್ಲಿ ಒಂದು ಅಂಗುಲಕ್ಕಿಂತ ಹೆಚ್ಚು ಪಕ್ಕಕ್ಕೆ ಸರಿಯದ್ದು ಆರಿಸಿ. ಹಳೆಯ ತುಂಡು ಯಾವ ಜಾತಿಯದೆಂಬ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಉದುರಿದ ಚೂರೊಂದನ್ನು ಕಳಿಸಿ ಗುರುತಿಸಲು ಕೇಳಿ. ಪ್ಲೈವುಡ್ ತುಂಡುಗಳಿಗೆ ಅಂಗಡಿಯ ಸಾಮಾನ್ಯ ಪ್ಲೈ ಬೇಡ, ಐಎಸ್ 710 ಗುರುತಿನ ಮರೈನ್ ಪ್ಲೈನ ತೆಳು ಹಾಳೆ ಕೇಳಿ. ಪ್ರದರ್ಶನಕ್ಕೆ ಅದು ಸಾಕು.

ಓರೆ ಜೋಡಿನ ಲೆಕ್ಕ ಸರಳ. ದಪ್ಪ ಒಂದಾದರೆ ಓರೆಯ ಉದ್ದ ಹನ್ನೆರಡು, ಹತ್ತಕ್ಕಿಂತ ಕಡಿಮೆ ಎಂದೂ ಬೇಡ. 6 ಮಿಲಿಮೀಟರ್ ದಪ್ಪದ ರಿಬ್ ಪಟ್ಟಿಗೆ 72 ಮಿಲಿಮೀಟರ್ ಓರೆ. ಇದನ್ನು ಕೈ ಅಂದಾಜಿನಲ್ಲಿ ಕತ್ತರಿಸಲಾಗದು. 1:12ರ ಇಳಿಜಾರಿನ ಒಂದು ಕಟ್ಟಿಗೆಯ ಅಚ್ಚು ಮಾಡಿಕೊಂಡು ಅದರ ಮೇಲೆ ರಂದಾ ಓಡಿಸಬೇಕು. ರಂದಾದ ಅಲಗು ಹೊಸದಾಗಿ ಮಸೆದದ್ದಿರಲಿ. ಕೊನೆಗೆ ನುಣುಪಾಗಲೆಂದು ಸ್ಯಾಂಡ್‌ಪೇಪರ್ ಉಜ್ಜುವುದು ಎಲ್ಲರೂ ಮಾಡುವ ತಪ್ಪು. ಮೆದು ಕಟ್ಟಿಗೆಯ ರಂಧ್ರಗಳಿಗೆ ಧೂಳು ತುಂಬಿ ಅಂಟು ಮೇಲೆಯೇ ಉಳಿಯುತ್ತದೆ. ರಂದಾ ಹೊಡೆದ ದಿನವೇ ಅಂಟು ಹಾಕಿ. ಈ ಕೆಲಸಕ್ಕೆ ಪೀಠೋಪಕರಣದ ಬಡಗಿಗಿಂತ ಹುಬ್ಬಳ್ಳಿಯ ಫೌಂಡ್ರಿಗಳಿಗೆ ಕಟ್ಟಿಗೆಯ ಪ್ಯಾಟರ್ನ್ ಮಾಡುವವರು ಹೆಚ್ಚು ತಕ್ಕವರು. ಅರ್ಧ ಮಿಲಿಮೀಟರ್ ತಪ್ಪಿದರೆ ಎರಕವೇ ಹಾಳಾಗುವ ಕೆಲಸದಲ್ಲಿ ಅವರ ಕೈ ಪಳಗಿರುತ್ತದೆ. ರೈಲ್ವೆ ವರ್ಕ್‌ಶಾಪಿನಲ್ಲಿ ಕಟ್ಟಿಗೆ ಬೋಗಿಯ ಕೆಲಸ ನೋಡಿದ ನಿವೃತ್ತ ಹಿರಿಯರು ಸಿಕ್ಕರಂತೂ ಬಿಡಬೇಡಿ.

ಅಂಟಿನಲ್ಲಿ ಎರಡು ದಾರಿ. ರಿಸಾರ್ಸಿನಾಲ್ ನೀರಿಗೂ ಬಿಸಿಗೂ ಜಗ್ಗದು, ಆದರೆ ಬಹಳ ಕಟ್ಟುನಿಟ್ಟಿನದು. ಜೋಡು ಕಾಗದದಷ್ಟೂ ಸಂದಿಲ್ಲದೆ ಕೂಡಬೇಕು, ಚದರ ಸೆಂಟಿಮೀಟರಿಗೆ 9-10 ಕಿಲೋ ಒತ್ತಡ ಬೇಕು, ಅಂಟುವಾಗ ಕಟ್ಟಿಗೆಯೂ ಗಾಳಿಯೂ 21 ಡಿಗ್ರಿಗಿಂತ ಮೇಲಿರಬೇಕು. ಧಾರವಾಡದ ಡಿಸೆಂಬರ್ ರಾತ್ರಿ ಅದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ಸಂಜೆ ಅಂಟಿಸಿ ಹೋದ ಜೋಡು ಬೆಳಿಗ್ಗೆ ಗಟ್ಟಿಯಾಗಿ ಕಂಡರೂ ಒಳಗೆ ಹಸಿಯಾಗಿಯೇ ಉಳಿದಿರುತ್ತದೆ. ಬೆಳಿಗ್ಗೆ ಅಂಟಿಸಿ, ರಾತ್ರಿ ಮೇಲೆ ಗುಡಾರ ಕಟ್ಟಿ ಹಳೆಯ ತಂತಿಯ ಬಲ್ಬಿನ ಶಾಖ ಕೊಡಿ. ಎಪಾಕ್ಸಿಗೆ ಇಷ್ಟು ಬಿಗಿಯಿಲ್ಲ. ಸಣ್ಣ ಸಂದನ್ನು ತುಂಬುತ್ತದೆ, ಒತ್ತಡ ಕಡಿಮೆ ಸಾಕು. ಶಿಕಂಜಾವನ್ನು ಜೋರಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹರಿದು ಜೋಡು ಹಸಿದು ಹೋಗುತ್ತದೆ. ಅದರ ದೌರ್ಬಲ್ಯ ಬಿಸಿ; 50-60 ಡಿಗ್ರಿಗೆ ಬಲ ಕುಂದುತ್ತದೆ. ಒಳಾಂಗಣದ ಪ್ರದರ್ಶನಕ್ಕೆ, ಹಳೆಯ ಮತ್ತು ಹೊಸ ಕಟ್ಟಿಗೆ ಕೂಡುವ ನಿಮ್ಮ ಕೆಲಸಕ್ಕೆ ನಾನು ಎಪಾಕ್ಸಿಯನ್ನೇ ಹೇಳುತ್ತೇನೆ. ಐದು ನಿಮಿಷದ್ದಲ್ಲ, 24 ಗಂಟೆ ತೆಗೆದುಕೊಳ್ಳುವ ನಿಧಾನದ್ದು. ಎರಡು ಭಾಗಗಳನ್ನು ಕಣ್ಣಳತೆಯಲ್ಲಿ ಬೆರೆಸದೆ, ಅಕ್ಕಸಾಲಿಗರ ತಕ್ಕಡಿಯಂಥ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಮೊದಲು ತೆಳುವಾಗಿ ಎರಡೂ ಮೈಗೆ ಹಚ್ಚಿ ಹತ್ತು ನಿಮಿಷ ಬಿಡಿ, ಕಟ್ಟಿಗೆ ಕುಡಿಯಲಿ. ಆಮೇಲೆ ಹತ್ತಿಯ ಸಣ್ಣ ನಾರು ಬೆರೆಸಿ ಗಟ್ಟಿ ಮಾಡಿದ್ದನ್ನು ಹಚ್ಚಿ ಕೂಡಿಸಿ.

ಪ್ರತಿ ಸಲ ಕಲಸಿದ ಅಂಟಿನಲ್ಲಿ ಎರಡು ಬಿಡಿ ತುಂಡುಗಳನ್ನೂ ಅಂಟಿಸಿ ದಿನಾಂಕ ಬರೆದಿಡಿ. ಏಳು ದಿನದ ಮೇಲೆ ಒಂದನ್ನು 24 ಗಂಟೆ ನೀರಲ್ಲಿ ನೆನೆಸಿ, ಎರಡನ್ನೂ ಉಳಿಯಿಂದ ಸೀಳಿ. ಒಡೆದ ಮೈಯಲ್ಲಿ ಮುಕ್ಕಾಲು ಭಾಗವಾದರೂ ಕಟ್ಟಿಗೆಯೇ ಹರಿದಿರಬೇಕು. ಅಂಟು ಹೊಳೆಹೊಳೆಯುತ್ತ ಬಿಟ್ಟುಬಂದಿದ್ದರೆ ಆ ದಿನದ ಜೋಡುಗಳನ್ನೆಲ್ಲ ಬಿಚ್ಚಬೇಕು. ಮನಸ್ಸಿಗೆ ಕಷ್ಟವಾದರೂ ಬಿಚ್ಚಲೇಬೇಕು.

ಲೋಹದ ಕೆಲಸ ಚಿಕ್ಕದು. ಬೋಲ್ಟುಗಳು ಬಿಎಸ್ಎಫ್ ಮತ್ತು ಬಿಎ ಎಂಬ ಹಳೆಯ ಬ್ರಿಟಿಷ್ ಅಳತೆಯ ಮರೆಯವು (ತಿರುಪಿನ ಸುತ್ತಿನವು). ಕಾಲು ಅಂಗುಲದ ಬಿಎಸ್ಎಫ್ ಜಾಗಕ್ಕೆ ಈಗಿನ ಮೆಟ್ರಿಕ್ ಎಂ6 ಬೋಲ್ಟ್ ತುರುಕಬೇಡಿ, ದಪ್ಪವೂ ಮರೆಯೂ ಬೇರೆ. ಬೆಳ್ಳಗೆ ಅಥವಾ ಹಳದಿ ಛಾಯೆಯಲ್ಲಿ ಹೊಳೆಯುವ ಲೇಪ ಕ್ಯಾಡ್ಮಿಯಂ ಇರಬಹುದು. ಒಣಗಿದಂತೆಯೇ ಉಜ್ಜಿದರೆ ಅದರ ಧೂಳು ವಿಷ. ತುಕ್ಕು ಹಿಡಿದ ಬೋಲ್ಟಿನ ಸುತ್ತ ಕಟ್ಟಿಗೆ ಕಪ್ಪಾಗಿ ಮೆತ್ತಗಾಗಿರುತ್ತದೆ. ದಬ್ಬಣ ಎಷ್ಟು ಆಳ ಇಳಿಯುತ್ತದೆ ನೋಡಿ. ರಂಧ್ರದ ಒಳಗೂ, ಕಟ್ಟಿಗೆಯ ಕೊಯ್ದ ತುದಿಗಳಿಗೂ ವಾರ್ನಿಷ್ ಹಚ್ಚಿ. ತುದಿಗೆ ಮೂರು ಸಲ ಹಚ್ಚಬೇಕು, ಕಟ್ಟಿಗೆ ನೀರು ಕುಡಿಯುವುದು ಹೆಚ್ಚಾಗಿ ಅಲ್ಲಿಂದಲೇ. ಎಣ್ಣೆ ವಾರ್ನಿಷ್ ಆದರೆ ಡೋಪಿನ ದ್ರಾವಕ ಅದನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ, ಎರಡು ಭಾಗ ಬೆರೆಸುವ ವಾರ್ನಿಷ್ ಬಳಸಿ. ನಟ್ಟನ್ನು ವಾಷರ್ ಕೂಡುವಷ್ಟೇ ಬಿಗಿಯಿರಿ. ಬೇಸಿಗೆಯಲ್ಲಿ ಸಡಿಲವಾದರೆ ಹೆದರಬೇಡಿ, ಒತ್ತಿ ಬಿಗಿದು ಕಟ್ಟಿಗೆ ಜಜ್ಜಬೇಡಿ.

ಈಗ ಖಾದಿ. ಗರಗದ ಹೆಸರು ಹೇಳಿದ್ದಕ್ಕೆ ಸಂತೋಷವಾಯಿತು. ರಾಷ್ಟ್ರಧ್ವಜದ ಬಟ್ಟೆ ನೇಯ್ದ ಊರಿನ ಹತ್ತಿ ನಮ್ಮ ವಾಯುಪಡೆಯ ಮೊದಲ ಪಾಠಶಾಲೆಯ ರೆಕ್ಕೆಗೆ ಬರುವುದು ಅಂದವಾದ ಮಾತು, ಪ್ರದರ್ಶನಕ್ಕೆ ಸಾಧ್ಯವೂ ಹೌದು. ಮೂಲದಲ್ಲಿ ಇದ್ದದ್ದು ಲಿನನ್ ಅಥವಾ ವಿಮಾನಕ್ಕೆಂದೇ ನೇಯ್ದ ಹತ್ತಿ ಬಟ್ಟೆ. ಅಂಥ ಹತ್ತಿ ಬಟ್ಟೆಯಲ್ಲಿ ಅಂಗುಲಕ್ಕೆ ಹಾಸು ಮತ್ತು ಹೊಕ್ಕು ಎರಡೂ ಸುಮಾರು 80 ಎಳೆ, ತೂಕ ಚದರ ಮೀಟರಿಗೆ 150 ಗ್ರಾಂ ಒಳಗೆ, ಒಂದು ಅಂಗುಲ ಅಗಲದ ಪಟ್ಟಿ 36 ಕಿಲೋ ಭಾರ ತಡೆಯಬೇಕು. ಹಳತಾದ ಮೇಲೂ 25 ಕಿಲೋಗಿಂತ ಕೆಳಗಿಳಿದರೆ ಹಾರುವ ವಿಮಾನದಲ್ಲಿ ಅದನ್ನು ತೆಗೆದುಹಾಕುತ್ತಾರೆ. ಕೈನೂಲಿನ ಕಷ್ಟವೆಂದರೆ ಎಳೆಯ ದಪ್ಪ ಒಂದೇ ಸಮ ಇರುವುದಿಲ್ಲ. ಡೋಪ್ ಬಿದ್ದು ಬಿಗಿದಾಗ ತೆಳು ಎಳೆ ಇದ್ದಲ್ಲಿ ಹರಿಯುತ್ತದೆ. ಕೊಳ್ಳುವ ಮೊದಲು ಒಂದು ಅಂಗುಲ ಅಗಲದ ಪಟ್ಟಿಗಳನ್ನು ಹಾಸಿನ ದಿಕ್ಕಿನಲ್ಲಿ ಐದು, ಹೊಕ್ಕಿನ ದಿಕ್ಕಿನಲ್ಲಿ ಐದು ಕತ್ತರಿಸಿ, ಎರಡೂ ತುದಿಗೆ ಕಟ್ಟಿಗೆಯ ತುಂಡು ಹಿಡಿಸಿ, ಕೆಳಗೆ ಬಕೆಟ್ ತೂಗಿಬಿಟ್ಟು ನಿಧಾನವಾಗಿ ನೀರು ಸುರಿಯಿರಿ. ಹರಿದಾಗ ಬಕೆಟ್ ತೂಗಿ. ಹತ್ತರಲ್ಲಿ ಅತಿ ಕಡಿಮೆ ಬಂದದ್ದೇ ನಿಮ್ಮ ಬಟ್ಟೆಯ ಬಲ, ಸರಾಸರಿ ಅಲ್ಲ. ಅದು 25 ಕಿಲೋ ದಾಟಿದರೆ ಪ್ರದರ್ಶನಕ್ಕೆ ಧೈರ್ಯವಾಗಿ ಬಳಸಿ. ಗಂಜಿ ಹಾಕಿದ ಬಟ್ಟೆಯನ್ನು ಬಿಸಿನೀರಲ್ಲಿ ತೊಳೆದು ಗಂಜಿ ತೆಗೆಯಬೇಕು, ಇಲ್ಲದಿದ್ದರೆ ಡೋಪ್ ಒಳಗೆ ಇಳಿಯುವುದಿಲ್ಲ. ಆದರೆ ತೊಳೆದಾಗಲೇ ಬಟ್ಟೆ ಒಂದಿಷ್ಟು ಕುಗ್ಗಿಬಿಡುತ್ತದೆ, ಆಮೇಲೆ ಡೋಪಿಗೆ ಬಿಗಿಯುವುದು ಕಡಿಮೆ. ಹಾಗಾಗಿ ಗಂಜಿ ಹಾಕದ ಬಟ್ಟೆಯನ್ನೇ ನೇಯಿಸಿಕೊಂಡರೆ ಉತ್ತಮ.

ನಿಮ್ಮ ಎರಡು ರೆಕ್ಕೆಗೆ, ಎರಡೂ ಮೈ ಸೇರಿ ಸುಮಾರು 20 ಚದರ ಮೀಟರ್. ಮಡಿಕೆ, ಹೊಲಿಗೆ, ಹರಿದ ಅಂಚಿನ ಪಟ್ಟಿಗಳಿಗೆ ಇನ್ನೊಂದು 5. ಪನ್ನಾ 90 ಸೆಂಟಿಮೀಟರ್ ಆದರೆ 28 ಮೀಟರ್ ಬೇಕು, ಪರೀಕ್ಷೆಗೆ ಸೇರಿಸಿ 30 ತನ್ನಿ. ಆದರೂ ನನ್ನ ಸಲಹೆ ಕೇಳುವುದಾದರೆ ಎರಡಕ್ಕೂ ಬಟ್ಟೆ ಹಾಕಬೇಡಿ. ಹಳೆಯ ಗುರುತು ಉಳಿದ ರೆಕ್ಕೆಯ ಬಟ್ಟೆಯನ್ನು ತೇಪೆ ಹಚ್ಚಿ ಹಾಗೇ ಉಳಿಸಿ. ಹೆಚ್ಚು ಮುರಿದದ್ದರ ತಳಕ್ಕೆ ಮಾತ್ರ ಖಾದಿ ಹಾಕಿ, ಮೇಲ್ಮೈ ತೆರೆದಿಡಿ. ಸ್ಪಾರ್, ರಿಬ್, ಒಳಗಿನ ತಂತಿಗಳ ಹೆಣಿಗೆ ವಿದ್ಯಾರ್ಥಿಗಳಿಗೆ ಕಾಣಬೇಕಾದದ್ದು. ಮುಚ್ಚಿಟ್ಟರೆ ಅವರು ನೋಡುವುದು ಬರಿಯ ಬಣ್ಣ.

ಡೋಪ್ ಬಳಿಯುವುದು ಜನವರಿ-ಫೆಬ್ರವರಿಯಲ್ಲಿ, ಬೆಳಿಗ್ಗೆ ಹತ್ತರ ಮೇಲೆ, ಗಾಳಿಯ ತೇವ ಶೇ. 60ಕ್ಕಿಂತ ಕೆಳಗಿದ್ದಾಗ. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂಡುತ್ತದೆ. ತೇವ ಹೆಚ್ಚಿದ್ದರೆ ಬಿಳಿ ಬೂದಿ ಬಳಿದಂತಾಗಿ ಡೋಪಿನ ಬಲವೇ ಹೋಗುತ್ತದೆ. ಮೊದಲ ಎರಡು ಪದರವನ್ನು ತೆಳು ಮಾಡಿ ಕುಂಚದಿಂದ ಬಟ್ಟೆಯೊಳಗೆ ಇಳಿಸಿ, ಆಮೇಲೆ ರಿಬ್ ಹೊಲಿಗೆ, ಅದರ ಮೇಲೆ ಪಟ್ಟಿ, ಮತ್ತೆ ಪದರ, ಕೊನೆಗೆ ಬಿಸಿಲು ತಡೆಯುವ ಅಲ್ಯೂಮಿನಿಯಂ ಪುಡಿಯ ಬೆಳ್ಳಿ ಪದರ, ನಂತರ ಬಣ್ಣ. ಬ್ಯುಟಿರೇಟ್ ಡೋಪಿನ ಮೇಲೆ ನೈಟ್ರೇಟ್ ಬಳಿಯಬಾರದು, ನೈಟ್ರೇಟ್ ಮೇಲೆ ಬ್ಯುಟಿರೇಟ್ ಆಗಬಹುದು. ಬಿಗಿಯುವ ಡೋಪನ್ನು ಪದರದ ಮೇಲೆ ಪದರ ಏರಿಸುತ್ತ ಹೋದರೆ ಬಟ್ಟೆ ತಮಟೆಯಂತೆ ನುಡಿಯುತ್ತದೆ, ಕೇಳಲು ಚೆಂದ, ಆದರೆ ಎಂಬತ್ತು ವರ್ಷ ಹಳೆಯದಾದ ರೆಕ್ಕೆಯ ಹಿಂದಿನ ಅಂಚು ಒಳಕ್ಕೆ ಬಾಗುತ್ತದೆ. ಹಿಂದಿನ ಅಂಚಿಗೆ ನೇರವಾದ ದಾರ ಕಟ್ಟಿ, ಪ್ರತಿ ಪದರ ಒಣಗಿದ ಮೇಲೆ ಅಳೆಯಿರಿ. 3 ಮಿಲಿಮೀಟರ್ ಬಾಗಿದೊಡನೆ ನಿಲ್ಲಿಸಿ, ಉಳಿದ ಪದರಗಳಿಗೆ ಬಿಗಿಯದ ಜಾತಿಯ ಡೋಪ್ ತೆಗೆದುಕೊಳ್ಳಿ. ಕೋಣೆಯ ಕಿಟಕಿ ತೆರೆದಿರಲಿ, ಹತ್ತಿರ ಸ್ವಿಚ್ಚು, ಬೀಡಿ, ಊದುಬತ್ತಿ ಯಾವುದೂ ಇರಬಾರದು. ಕೆಲಸ ಶುರುಮಾಡುವ ದಿನದ ಪೂಜೆಯನ್ನೂ ಹೊರಗೇ ಮುಗಿಸಿ. ನೀರು ಬಸಿಯುವ ಕಣ್ಣುಗಳನ್ನು ಈ ಸಲ ಬಣ್ಣದಿಂದ ಮುಚ್ಚದಂತೆ ಬಳಿದ ಮೇಲೆ ಒಂದೊಂದನ್ನೂ ಕಡ್ಡಿಯಿಂದ ತೆರೆದು ನೋಡಿ.

ಈ ವಾರ ಮಾಡಬೇಕಾದದ್ದು ಇಷ್ಟೇ: ಮೀಟರುಗಳ ಪೆಟ್ಟಿಗೆಗೆ ಬೀಗ, ರೆಕ್ಕೆಗಳಿಗೆ ಆರ್‌ಸಿಸಿ ಕೋಣೆ, ಕೋಣೆಗೆ ಡಿಹ್ಯೂಮಿಡಿಫೈಯರ್. ಮೊದಲ ನಾಲ್ಕು ಸೋಮವಾರದ ತೇವದ ಅಳತೆ ಮತ್ತು ಸ್ಪಾರಿನ ಓರೆ ಬೆಳಕಿನ ಫೋಟೋಗಳನ್ನು ಕಳಿಸಿ. ಎಳೆಗೆ ಅಡ್ಡವಾದ ಗೆರೆ ಯಾವುದೆಂದು ಅದರಲ್ಲಿ ಗುರುತಿಸಿ ಕೊಡಬಹುದು.